ಮರೆತವರ ಬದುಕೂ ಬದುಕೇ

ನರ್ಸಿಂಗ್ ಪದವಿ ಪಡೆಯುತ್ತಿರುವ ಪ್ರೀತಿಯ ವಿದ್ಯಾರ್ಥಿಗಳೇ,

ನಿಮಗೆಲ್ಲ ಹೃತ್ಪೂರ್ವಕ ಅಭಿನಂದನೆಗಳು. ಈ ಸಂತೋಷದ ಹೊತ್ತಿನಲ್ಲಿ ನಿಮಗೊಂದು ಕೆಲಸ ಒಪ್ಪಿಸಲು ಬಂದಿದ್ದೇನೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರ ಬದುಕನ್ನು ಹಸನುಗೊಳಿಸುವ ಕೆಲಸ ಅದು.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಜನ, ಅಂದರೆ ಸುಮಾರು 88 ಲಕ್ಷ ಮಂದಿ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದಾರೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು. ‘ವಯಸ್ಸಾಯ್ತು, ಅರಳುಮರಳು’ ಎಂದು ಎಷ್ಟೋ ಮನೆಯವರು ಸುಮ್ಮನಾಗಿಬಿಡುತ್ತಾರೆ.

ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ, ನಿಜ. ಆದರೆ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ಮುಖ್ಯವಾದ ಮಾತೊಂದನ್ನು ಮುಂದಿಟ್ಟರು: ಡಿಮೆನ್ಷಿಯಾ ಇರುವವರನ್ನು ಕುಗ್ಗಿಸುವುದು ಮಿದುಳಿನ ಹಾನಿಯೊಂದೇ ಅಲ್ಲ, ಸುತ್ತಲಿನವರ ಗದರಿಕೆ, ಅವಸರ, ಕಡೆಗಣನೆಯೂ ಸೇರಿ ಕುಗ್ಗಿಸುತ್ತವೆ. ಇವನ್ನು ತಪ್ಪಿಸಲು ಮದ್ದು ಬರುವ ತನಕ ಕಾಯಬೇಕಿಲ್ಲ.

ಸ್ನಾನದ ಹೊತ್ತನ್ನೇ ನೋಡಿ. ಅಜ್ಜಿ ಸೀರೆ ಬಿಡುವುದಿಲ್ಲ, ಚೀರುತ್ತಾರೆ, ಕೈ ಎತ್ತುತ್ತಾರೆ. ‘ಸಹಕರಿಸುತ್ತಿಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆಯುವುದು ಸುಲಭ. ಅವರ ಪಾಲಿಗಾದರೋ, ಗುರುತಿಲ್ಲದ ಯಾರೋ ಬಂದು ಸೀರೆಗೆ ಕೈ ಹಾಕಿದ್ದಾರೆ. ಮುಖಗಳು ಮರೆತಿರಬಹುದು, ನಾಚಿಕೆ ಹೋಗಿಲ್ಲ. ಬಾಗಿಲು ಮುಂದೆ ಮಾಡಿ. ಮೈಮೇಲೆ ಟವೆಲ್ ಹೊದಿಸಿ. ನೀರಿನ ಹದ ನೀವು ನೋಡಿ, ಮೊದಲು ಪಾದಕ್ಕೆ ಹುಯ್ಯಿರಿ. ಆಮೇಲೆ ಚೊಂಬನ್ನು ಅವರ ಕೈಗೇ ಕೊಡಿ. ಜೀವನವಿಡೀ ನೀರು ಹುಯ್ದುಕೊಂಡ ಕೈಗೆ ಆ ರೂಢಿ ಎಷ್ಟೋ ಸಲ ಉಳಿದಿರುತ್ತದೆ.

ಶಾಂತವಾಗಿದ್ದ ತಾತ ಇದ್ದಕ್ಕಿದ್ದಂತೆ ಕೂಗಾಡಿದರೆ ಮರೆವು ಜಾಸ್ತಿಯಾಯಿತು ಎಂದುಕೊಳ್ಳಬೇಡಿ. ಉರಿಮೂತ್ರವೇ, ಮಲಬದ್ಧತೆಯೇ, ಹಲ್ಲುನೋವೇ ಎಂದು ಹುಡುಕಿ, ಡಾಕ್ಟರಿಗೆ ತಿಳಿಸಿ. ಮಾತು ಸಿಗದವರು ನೋವನ್ನು ಕೂಗಿ ಹೇಳುತ್ತಾರೆ. ಸಂಜೆಯಾಗುತ್ತಲೇ ‘ಮನೆಗೆ ಹೋಗ್ಬೇಕು’ ಎಂದು ಹಟ ಹಿಡಿದವರೊಂದಿಗೆ ವಾದಕ್ಕಿಳಿಯಬೇಡಿ. ‘ಮನೇಲಿ ಯಾರ್ಯಾರಿದ್ದಾರೆ, ಹೇಳಿ’ ಎನ್ನುತ್ತಾ ಜೊತೆಗೆ ನಾಲ್ಕು ಹೆಜ್ಜೆ ಹಾಕಿ.

ರೋಗಿಯ ಪಕ್ಕದಲ್ಲಿ ನಿದ್ದೆಗೆಟ್ಟು ನಿಂತ ಹೆಂಡತಿಯನ್ನು, ಮಗಳನ್ನು, ಸೊಸೆಯನ್ನು ಮರೆಯಬೇಡಿ. ‘ನೀವು ಊಟ ಮಾಡಿದ್ರಾ?’ ಎಂದು ಕೇಳಿ. ಅವರು ಕುಸಿದರೆ ರೋಗಿಯ ಬದುಕೂ ಕುಸಿಯುತ್ತದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಜೊತೆಗೂಡಿ ಜಿಲ್ಲಾಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆದಿವೆ. ಅಲ್ಲಿಗೆ ದಾರಿ ತೋರಿಸಿ.

ಕೊನೆಯದಾಗಿ ಒಂದು ಕೋರಿಕೆ. ಇಂಥ ರೋಗಿಗಳ ಕೇಸ್ ಶೀಟಿನಲ್ಲಿ ಏನೇನು ಹೋಯಿತು ಎಂಬ ಪಟ್ಟಿ ಇದ್ದೇ ಇರುತ್ತದೆ. ಅದರ ಕೆಳಗೆ ಇವರಿಗೆ ಏನು ಇಷ್ಟ ಎಂಬುದನ್ನೂ ಬರೆಯಿರಿ. ಕಾಫಿಗೆ ಸಕ್ಕರೆ ಎಷ್ಟು, ಯಾವ ಹಾಡು, ಏನೆಂದು ಕರೆದರೆ ತಿರುಗಿ ನೋಡುತ್ತಾರೆ. ಮುಂದಿನ ಪಾಳಿಯವರು ಮೊದಲು ಅದನ್ನೇ ಓದಲಿ. ಕಾಯಿಲೆ ಗುಣವಾಗದಿದ್ದರೂ ಅವರ ಇವತ್ತಿನ ದಿನವನ್ನು ಚೆನ್ನಾಗಿಸುವ ಶಕ್ತಿ ನಿಮ್ಮ ವೃತ್ತಿಗಿದೆ. ಅದನ್ನು ಧಾರಾಳವಾಗಿ ಬಳಸಿ.