ಬರೆಯುವ ಕೈಗೆ ಕೂಲಿ ಕೊಡುವವರಾರು?

(ಕಾರ್ಮಿಕರ ವಾಚನಾಲಯದ ಸಂಜೆ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಗಿರಣಿಯಲ್ಲಿ ದುಡಿಯುವವರ ಮನೆಗಳಲ್ಲಿ ಇಂದು ಬಿ.ಎ. ಓದಿದ ಹುಡುಗರಿದ್ದಾರೆ, ಬಿ.ಕಾಂ. ಓದಿದ ಹುಡುಗಿಯರಿದ್ದಾರೆ. ಕೆಲಸ ಸಿಕ್ಕಿಲ್ಲ, ಕೈಯಲ್ಲಿ ಫೋನು ಮಾತ್ರ ಇದೆ. ಮನೆಯಲ್ಲೇ ಕುಳಿತು ಲೇಖನ ಬರೆಯಿರಿ, ಸಾವಿರಾರು ರೂಪಾಯಿ ಗಳಿಸಿರಿ ಎಂಬ ಜಾಹೀರಾತು ಆ ಫೋನಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಇದರಲ್ಲಿ ನಿಜವೆಷ್ಟು, ಮೋಸವೆಷ್ಟು? ಬರೆದವರಿಗೆ ನಿಜವಾಗಿ ಹಣ ಕೊಡುವ ಜಾಲತಾಣಗಳನ್ನು ಹುಡುಕುವ ಬಗೆ ಯಾವುದು? ಇಂದು ಇದನ್ನೇ ವಿಚಾರ ಮಾಡೋಣ.

ಜಾಲತಾಣದವರು ಬರೆಹಕ್ಕೆ ಹಣ ಕೊಡುವುದೇಕೆ ಎಂಬುದನ್ನು ಮೊದಲು ತಿಳಿಯಬೇಕು. ಧರ್ಮಕ್ಕೆ ಯಾರೂ ಕೊಡುವುದಿಲ್ಲ. ನೀರೆತ್ತುವ ಪಂಪು ಯಾವುದು ಒಳ್ಳೆಯದೆಂದು ಯಾರೋ ಗೂಗಲಿನಲ್ಲಿ ಹುಡುಕುತ್ತಾರೆ. ಅದಕ್ಕೆ ಉತ್ತರ ಹೇಳುವ ಲೇಖನ ಯಾರ ಬ್ಲಾಗಿನಲ್ಲಿದೆಯೋ ಅಲ್ಲಿಗೆ ಓದುಗ ಹೋಗುತ್ತಾನೆ. ಇದರಿಂದ ಲಾಭ ಎರಡು ಬಗೆ. ಒಂದು, ಲೇಖನದ ಪಕ್ಕದ ಜಾಹೀರಾತಿನ ಹಣ. ಗೂಗಲಿನ ಆಡ್‌ಸೆನ್ಸ್ ಎಂಬ ಏರ್ಪಾಡು 2003ರಿಂದ ಇದನ್ನು ಜಾಲತಾಣದವರಿಗೆ ಹಂಚುತ್ತ ಬಂದಿದೆ. ಇನ್ನೊಂದು, ಬ್ಲಾಗು ನಡೆಸುವವರೇ ಪಂಪು ಮಾರುವವರಾದರೆ ಅವರಿಗೆ ಗಿರಾಕಿಯೇ ಸಿಕ್ಕಂತೆ. ಜಾಹೀರಾತನ್ನೇ ನಂಬಿದವರಿಗೆ ಒಂದು ಲೇಖನದಿಂದ ಹುಟ್ಟುವುದು ಪುಡಿಗಾಸು. ಆದುದರಿಂದ ಕೊಡುವುದೂ ಪುಡಿಗಾಸು. ಸರಕು ಮಾರುವವರಿಗೆ ಒಬ್ಬ ಗಿರಾಕಿಯಿಂದಲೇ ಲೇಖನದ ಖರ್ಚು ಹುಟ್ಟಬಹುದು. ಅಲ್ಲಿ ಕೂಲಿ ಕೇಳುವುದಕ್ಕೆ ಬಲವುಂಟು.

ಅಮೆರಿಕದ ಡಿಮ್ಯಾಂಡ್ ಮೀಡಿಯಾ ಎಂಬ ಕಂಪನಿ ಒಂದೊಂದಕ್ಕೆ ಸುಮಾರು 15 ಡಾಲರಿನಂತೆ ರಾಶಿರಾಶಿ ಲೇಖನ ಬರೆಸಿ, 2011ರ ಜನವರಿಯಲ್ಲಿ ಶೇರು ಪೇಟೆಗೆ ಬಂತು. ಅದೇ ವರ್ಷ ಗೂಗಲು ಹುರುಳಿಲ್ಲದ ಲೇಖನಗಳನ್ನು ಹಿಂದಕ್ಕೆ ತಳ್ಳತೊಡಗಿತು. ಇಂತಹ ಲೇಖನದ ಕಾರ್ಖಾನೆಗಳ ವ್ಯಾಪಾರ ಇಳಿಯಿತು. ಯಜಮಾನನ ಲೆಕ್ಕ ತಪ್ಪಿದರೆ ಮೊದಲು ಹೋಗುವುದು ತುಂಡು ಲೆಕ್ಕದಲ್ಲಿ ದುಡಿಯುವವನ ಅನ್ನ. ಇದು ಮಗ್ಗದವರಿಗೂ ಬೀಡಿ ಕಟ್ಟುವವರಿಗೂ ಹೊಸದಾಗಿ ಹೇಳಬೇಕಾದ ಮಾತಲ್ಲ.

ಹಾಗಾದರೆ ಒಳ್ಳೆಯವರನ್ನು ಗುರುತಿಸುವುದು ಹೇಗೆ? ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂದು ನೋಡಬೇಕು. ಕೆಲಸ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದವನು ಕೆಲಸ ಕೊಡುವವನಲ್ಲ. ಟೈಪು ಮಾಡುವ ಕೆಲಸವೆಂದು ಕರೆದು, ತಪ್ಪು ಹೆಚ್ಚಾಯಿತೆಂದು ವಕೀಲರ ಹೆಸರಿನಲ್ಲಿ ಸುಳ್ಳು ನೋಟೀಸು ಕಳಿಸಿ ದಂಡ ಕೇಳುವ ಮೋಸವೂ ನಡೆದಿದೆ. ಇದಕ್ಕೆ ಹೆದರಿ ಹಣ ಕಟ್ಟಬೇಡಿರಿ. 1930 ಎಂಬ ಸರ್ಕಾರಿ ಸಹಾಯವಾಣಿಗೆ ಫೋನು ಮಾಡಿರಿ. ಪ್ರೋಬ್ಲಾಗರ್ ಎಂಬ ತಾಣದ ಉದ್ಯೋಗ ಪಟ್ಟಿಯಲ್ಲಿ ಜಾಹೀರಾತಿನ ಶುಲ್ಕ ತೆರುವವರು ಬರೆಹಗಾರರನ್ನು ಹುಡುಕುವವರು. ಇದು ಸರಿಯಾದ ದಿಕ್ಕು. ಹಲವು ಬ್ಲಾಗುಗಳಲ್ಲಿ 'ನಮಗೆ ಬರೆಯಿರಿ' ಎಂಬ ಪುಟವೇ ಇರುತ್ತದೆ. ಅದರಲ್ಲಿ ದರ ಬರೆದಿದ್ದರೆ ಅರ್ಜಿ ಹಾಕಿರಿ. ಹೆಸರು ಬರುತ್ತದೆ, ಪ್ರಚಾರ ಸಿಗುತ್ತದೆ ಎಂದಷ್ಟೇ ಬರೆದಿದ್ದರೆ ಮುಂದಕ್ಕೆ ಹೋಗಿರಿ. ಪ್ರಚಾರವನ್ನು ಕೊಟ್ಟು ಅಕ್ಕಿ ತರಲು ಬರುವುದಿಲ್ಲ.

ನಡುವಿನ ದಲಾಲಿಯೂ ಉಂಟು. ಫೈವರ್ ಎಂಬ ತಾಣ ದುಡಿದವನ ಗಳಿಕೆಯಲ್ಲಿ ನೂರಕ್ಕೆ 20 ಹಿಡಿದುಕೊಳ್ಳುತ್ತದೆ. ಅಪ್‌ವರ್ಕ್ ಎಂಬಲ್ಲಿ ಕೆಲಸಕ್ಕೆ ಅರ್ಜಿ ಹಾಕಲು 'ಕನೆಕ್ಟ್' ಎಂಬ ಚೀಟಿ ಬೇಕು; ಅದು ತೀರಿದರೆ ಕೊಳ್ಳಬೇಕು. ಮಂಡಿಯ ವ್ಯವಹಾರ ಬಲ್ಲ ವ್ಯಾಪಾರಿಗಳೇ, ನೀವೇ ಲೆಕ್ಕ ಹಾಕಿರಿ. ಒಂದು ಪದಕ್ಕೆ 50 ಪೈಸೆಯಂತೆ 1000 ಪದಗಳ ಲೇಖನಕ್ಕೆ 500 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ 20 ಕಳೆದು ಉಳಿಯುವುದು 400. ವಿಷಯ ಓದಿ, ಬರೆದು, ತಿದ್ದುವುದಕ್ಕೆ 12 ಗಂಟೆ. ಕೆಲಸ ಹುಡುಕಿದ್ದಕ್ಕೆ 4 ಗಂಟೆ. ಗಂಟೆಗೆ ಬಿದ್ದದ್ದು 25 ರೂಪಾಯಿ! ಹುಡುಕಾಟದ ಹೊತ್ತನ್ನು ಕೂಲಿಯ ಲೆಕ್ಕದಲ್ಲಿ ಸೇರಿಸದವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ.

ಇನ್ನು ಕರಾರಿನ ಮಾತು. ಇದಕ್ಕೆ ಅಮೆರಿಕದ ಬರೆಹಗಾರರ ಸಂಘದ ನಾಯಕನಾಗಿದ್ದ ಜೊನಾಥನ್ ತಾಸಿನಿಯ ಎರಡು ಹೋರಾಟಗಳು ಒಳ್ಳೆಯ ಪಾಠ. ನ್ಯೂಯಾರ್ಕ್ ಟೈಮ್ಸ್ ಮೊದಲಾದ ಪತ್ರಿಕೆಗಳು ಹೊರಗಿನ ಲೇಖಕರ ಬರೆಹಗಳನ್ನು ಒಮ್ಮೆ ಅಚ್ಚುಮಾಡಿ, ಬಳಿಕ ಕೇಳದೆಯೇ ಗಣಕಯಂತ್ರದ ಭಂಡಾರಗಳಿಗೆ ಕೊಟ್ಟವು. ತಾಸಿನಿ ಮತ್ತು ಸಂಗಡಿಗರು ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರಲ್ಲಿ ಏಳು ಮಂದಿ ಲೇಖಕರ ಪರ ತೀರ್ಪಿತ್ತರು. ಆ ಹಕ್ಕನ್ನು ಲೇಖಕರು ಬರೆದುಕೊಟ್ಟಿರಲಿಲ್ಲ; ಅದೇ ಗೆಲುವಿನ ಗುಟ್ಟು.

ಎರಡನೆಯದು ಹಫಿಂಗ್ಟನ್ ಪೋಸ್ಟಿನದು. 2005ರಲ್ಲಿ ಹುಟ್ಟಿದ ಈ ತಾಣಕ್ಕೆ ಸಾವಿರಾರು ಜನ ಕಾಸಿಲ್ಲದೆ ಬರೆದರು. 2011ರ ಫೆಬ್ರವರಿಯಲ್ಲಿ ಎ.ಒ.ಎಲ್. ಕಂಪನಿ ಅದನ್ನು 31.5 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಬರೆದವರಿಗೆ ಒಂದು ಡಾಲರೂ ಬರಲಿಲ್ಲ. ತಮ್ಮ ಪಾಲು 10.5 ಕೋಟಿ ಡಾಲರೆಂದು ತಾಸಿನಿ ಮತ್ತಿತರರು ದಾವೆ ಹೂಡಿದರು. 2012ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಹಣವಿಲ್ಲವೆಂದು ತಿಳಿದೇ ಬರೆದಿರಿ, ಈಗ ಕೇಳುವಂತಿಲ್ಲ ಎಂಬುದು ಅದರ ಸಾರ. ಕಾಸಿಲ್ಲದೆ ಬರೆಸುವ ಆ ಏರ್ಪಾಡನ್ನು ತಾಣ ನಿಲ್ಲಿಸಿದ್ದು 2018ರಲ್ಲಿ. ಹೋರಾಟಗಾರ ಒಬ್ಬನೇ, ಒಂದು ಕಡೆ ಗೆದ್ದ, ಒಂದು ಕಡೆ ಸೋತ. ನಡುವಿನ ವ್ಯತ್ಯಾಸವೆಲ್ಲ ಬರೆಯುವುದಕ್ಕೆ ಮೊದಲು ಏನು ಒಪ್ಪಿಕೊಂಡಿದ್ದರು ಎಂಬುದರಲ್ಲಿದೆ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯೂ ಬರೆಹಗಾರನ ಕೈಗೆ ಒಂದು ಆಯುಧ ಕೊಟ್ಟಿದೆ. ನೌಕರನಲ್ಲದೆ ಬಿಡಿಯಾಗಿ ಬರೆಯುವವನ ಲೇಖನಕ್ಕೆ ಮೊದಲ ಒಡೆಯ ಅವನೇ. ಹಕ್ಕನ್ನು ವಹಿಸಿಕೊಟ್ಟದ್ದು ಲಿಖಿತವಾಗಿ, ಸಹಿಯೊಡನೆ ಇರಬೇಕು. ಅವಧಿ ಬರೆದಿರದಿದ್ದರೆ ಐದು ವರ್ಷವೆಂದೇ ಲೆಕ್ಕ. ಆದುದರಿಂದ ಸಹಿಗೆ ಮೊದಲು ಓದಿರಿ. ಪದಕ್ಕೆಷ್ಟು, ಎಷ್ಟು ಸಲ ತಿದ್ದಿಕೊಡಬೇಕು, ಎಷ್ಟು ದಿನದಲ್ಲಿ ಹಣ, ಲೇಖನ ಬೇಡವೆಂದರೆ ಏನು ಕೊಡುತ್ತಾರೆ, ಎಲ್ಲವೂ ಮಿಂಚಂಚೆಯಲ್ಲಾದರೂ ಬರೆಹದಲ್ಲಿರಲಿ. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಇದೇ ಕಾನೂನಾಗಿದೆ: 800 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಬಿಡಿ ಕೆಲಸಕ್ಕೆ ಲಿಖಿತ ಕರಾರು ಬೇಕು, ಬೇರೆ ದಿನ ಗೊತ್ತುಮಾಡಿರದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಸಲ್ಲಬೇಕು.

ನಮ್ಮಲ್ಲಿ 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆ ನೌಕರಿಯಲ್ಲಿದ್ದ ಪತ್ರಕರ್ತರಿಗೆ ವೇತನದ ರಕ್ಷಣೆ ತಂದಿತು. ಬಿಡಿ ಬರೆಹಗಾರ ಹೊರಗುಳಿದ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾಯಿದೆಯ ಪಟ್ಟಿಯಲ್ಲಿ ಸವಾರಿ, ಊಟ ಸಾಗಿಸುವ ಕೆಲಸಗಳ ಜತೆಗೆ ಬರೆಹ ಮತ್ತು ಮಾಧ್ಯಮದ ಸೇವೆಯೂ ಸೇರಿದೆ. ಇದು ಒಂದು ಹೆಜ್ಜೆ. ಆದರೆ ಅದು ಕ್ಷೇಮನಿಧಿಯ ಕಾನೂನು. ದೂರದೇಶದ ಬ್ಲಾಗಿನಿಂದ ಬಾಕಿ ಕೂಲಿಯನ್ನು ವಸೂಲು ಮಾಡಿಕೊಡುವ ಕಾನೂನಲ್ಲ.

ಯಂತ್ರವೇ ಬರೆಯುತ್ತಿರುವಾಗ ಮನುಷ್ಯನಿಗೆ ಯಾರು ಕೊಡುತ್ತಾರೆ ಎಂದು ಕೇಳಬಹುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ನಾಲ್ಕು ಕಡೆಯಿಂದ ಎತ್ತಿ ಜೋಡಿಸುವ ಅಗ್ಗದ ಲೇಖನದ ಕೆಲಸಕ್ಕೆ ಪೆಟ್ಟು ಬಿದ್ದಿರುವುದು ನಿಜ. ಆದರೆ ಸಿನೆಟ್ ಎಂಬ ಹೆಸರಾಂತ ತಾಣ ಯಂತ್ರದಿಂದ ಬರೆಸಿದ ಹಣಕಾಸಿನ ಲೇಖನಗಳಲ್ಲಿ ಬಡ್ಡಿಯ ಲೆಕ್ಕವೇ ತಪ್ಪಿ, 2023ರಲ್ಲಿ ತಿದ್ದುಪಡಿ ಹಾಕಬೇಕಾಯಿತು. ನೂಲು ಎಲ್ಲಿ ಹರಿಯುತ್ತದೆಂದು ಮಗ್ಗದ ಮುಂದೆ ನಿಂತವನಿಗೆ ಗೊತ್ತು. ಅಡಿಕೆಯ ತೇವವನ್ನು ಕೈಯಲ್ಲಿ ಹಿಡಿದು ಹೇಳಬಲ್ಲವನು ಮಂಡಿಯವನು. ಕಂಡು ಉಂಡ ಇಂತಹ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ಆ ಕಸುಬಿನ ಕಂಪನಿಗಳ ಬ್ಲಾಗುಗಳನ್ನು ನಮ್ಮ ಮಕ್ಕಳು ಹುಡುಕಲಿ.

ಕೊನೆಗೆ ಮುಖ್ಯವಾದ ಮಾತು. ಎಲ್ಲಿ ಹಣ ಸಿಗುತ್ತದೆಂಬುದನ್ನು ಜಾಹೀರಾತು ಹೇಳುವುದಿಲ್ಲ, ಪಡೆದವನೇ ಹೇಳಬೇಕು. 2012ರಲ್ಲಿ ಅಮೆರಿಕದ ಲೇಖಕಿ ಮಂಜುಳಾ ಮಾರ್ಟಿನ್ 'ಬರೆಹಗಾರರಿಗೆ ಕೊಡುವವರಾರು' ಎಂಬರ್ಥದ ಹೆಸರಿನಲ್ಲಿ ಒಂದು ತಾಣ ತೆರೆದರು. ಯಾವ ಪತ್ರಿಕೆ, ಯಾವ ತಾಣ ಎಷ್ಟು ಕೊಟ್ಟಿತೆಂದು ಲೇಖಕರು ತಮ್ಮ ಹೆಸರು ಹೇಳದೆ ಅಲ್ಲಿ ಬರೆದಿಟ್ಟರು. ದರ ಗುಟ್ಟಾಗಿರುವುದರಿಂದ ಲಾಭ ಯಜಮಾನನಿಗೆ, ಬಯಲಾದರೆ ದುಡಿಯುವವನಿಗೆ. ಸಂಘಟನೆ ಎಂಬುದರ ಮೊದಲ ಪಾಠ ಇದೇ ಅಲ್ಲವೆ?

ಈ ಕೆಲಸಕ್ಕೆ ಅಮೆರಿಕವೇ ಬೇಕಿಲ್ಲ. ಈ ವಾಚನಾಲಯದ ಮೇಜಿನ ಮೇಲೆ ಒಂದು ಕಿರ್ದಿ ಪುಸ್ತಕ ಇಡೋಣ. ತಾಣದ ಹೆಸರು, ಒಪ್ಪಿದ ದರ, ಕೊಡುತ್ತೇನೆಂದ ದಿನ, ಕೊಟ್ಟ ದಿನ ಎಂದು ನಾಲ್ಕು ಕಲಮು. ಕಿರ್ದಿ ಬರೆಯುವುದನ್ನು ವ್ಯಾಪಾರಿ ಬಂಧುಗಳು ಹುಡುಗರಿಗೆ ಕಲಿಸಲಿ. ತಮ್ಮ ಅಂಗಡಿಯ ಪುಟಕ್ಕೆ ನಾಲ್ಕು ಸಾಲು ಬರೆಸಿಕೊಂಡವರು ಅದರ ಕೂಲಿಯನ್ನು ಉದರಿ ಇಡದೆ ಅಂದೇ ಕೊಟ್ಟು, ಪುಸ್ತಕದ ಮೊದಲ ಸಾಲಿನಲ್ಲಿ ತಮ್ಮ ಹೆಸರನ್ನೇ ಬರೆಸಲಿ. ಬರುವ ಭಾನುವಾರದಿಂದ ಪುಸ್ತಕ ಇಲ್ಲಿರುತ್ತದೆ. ಬರೆಯುವ ಮಕ್ಕಳನ್ನು ಕಳುಹಿಸಿಕೊಡಿರಿ.