ಹೊರಬೀಳದ ಅನಿಲವನ್ನು ಅಳೆಯುವುದು ಹೇಗೆ?



ಈ ಭಾಷಣದ ವಿಷಯವನ್ನು ಸ್ಟುಡಿಯೋದಲ್ಲಿ ಹೇಳಿದಾಗ ‘ಹಂದಿಯ ಗಲೀಜೇ?’ ಎಂದು ಮೂಗು ಮುರಿದವರುಂಟು. ಆದರೆ 2005ರ ನಂತರ ಬ್ರೆಜಿಲ್, ಮೆಕ್ಸಿಕೊ, ಚಿಲಿ ದೇಶಗಳ ದೊಡ್ಡ ಹಂದಿ ಫಾರಂಗಳ ಈ ಗಲೀಜಿನಿಂದಲೇ ‘ಕಾರ್ಬನ್ ಕ್ರೆಡಿಟ್’ಗಳು ಹುಟ್ಟಿ ಮಾರಾಟವಾದವು.

ಅಂಥ ಫಾರಂಗಳಲ್ಲಿ ಸಾವಿರಾರು ಹಂದಿಗಳ ಮಲಮೂತ್ರವನ್ನು ನೀರಿನಿಂದ ತೊಳೆದು ತೆರೆದ ಕೊಳಕ್ಕೆ ಬಿಡುತ್ತಾರೆ. ಕೊಳದ ಆಳದಲ್ಲಿ ಆಮ್ಲಜನಕವಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ನಮ್ಮ ಹಳ್ಳಿಯ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ ಅನಿಲ. ಕೊಳಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಅನಿಲವನ್ನು ಕೊಳವೆಯಲ್ಲಿ ತಂದು ಸುಟ್ಟರೆ ಅದು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಆ ಇಂಗಾಲ ಹಂದಿ ತಿಂದ ಮೆಕ್ಕೆಜೋಳ ಗಾಳಿಯಿಂದಲೇ ಪಡೆದದ್ದು, ಆದ್ದರಿಂದ ಲೆಕ್ಕಕ್ಕಿಲ್ಲ. ಮೀಥೇನ್ ಹಾಗಲ್ಲ. ನೂರು ವರ್ಷಗಳ ಅವಧಿಯಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈ ಆಕ್ಸೈಡಿನ 28 ಕಿಲೋ ಮಾಡುವಷ್ಟು ಬಿಸಿ ಮಾಡುತ್ತದೆ. 2008-12ರ ಕ್ಯೋಟೋ ಲೆಕ್ಕದಲ್ಲಿ ಈ ಗುಣಕ 21 ಇತ್ತು.

ಒಂದು ಟನ್ ತಗ್ಗಿಸಿದರೆ ಒಂದು ಕ್ರೆಡಿಟ್. ಅದನ್ನು ಕೊಂಡ ಕಂಪನಿ ತನ್ನ ಚಿಮಣಿಯಿಂದ ಒಂದು ಟನ್ ಹೆಚ್ಚಾಗಿ ಬಿಡಬಹುದು. ಲೆಕ್ಕ ಸುಳ್ಳಾದರೆ, ಚಿಮಣಿಯ ಹೊಗೆ ಮಾತ್ರ ನಿಜವಾಗಿ ಉಳಿಯುತ್ತದೆ.

ಸರಿ, ಪೆನ್ಸಿಲ್ ತೆಗೆದುಕೊಳ್ಳಿ. ಐಪಿಸಿಸಿಯ 2006ರ ಕೈಪಿಡಿಯಂತೆ ಲ್ಯಾಟಿನ್ ಅಮೆರಿಕದ ಒಂದು ಮಾಂಸದ ಹಂದಿ ದಿನಕ್ಕೆ ಹೊರಹಾಕುವ, ಕೊಳೆಯಬಲ್ಲ ಒಣ ಅಂಶ 0.30 ಕಿಲೋ. ಅದರ ಒಂದು ಕಿಲೋದಿಂದ ಗರಿಷ್ಠ 0.29 ಘನ ಮೀಟರ್ ಮೀಥೇನ್ ಬರುತ್ತದೆ. ಒಂದು ಘನ ಮೀಟರಿನ ತೂಕ 0.67 ಕಿಲೋ. ಸರಾಸರಿ 20 ಡಿಗ್ರಿ ಉಷ್ಣತೆಯ ತೆರೆದ ಕೊಳದಲ್ಲಿ ಗರಿಷ್ಠದ ಶೇಕಡಾ 78ರಷ್ಟು ಹೊರಬೀಳುತ್ತದೆ. ಗುಣಿಸಿ ನೋಡಿ: ಹಂದಿಯೊಂದಕ್ಕೆ ವರ್ಷಕ್ಕೆ 16.6 ಕಿಲೋ ಮೀಥೇನ್. ಸಾವಿರ ಹಂದಿಗಳಿಗೆ, 28ರಿಂದ ಗುಣಿಸಿದರೆ, ಸುಮಾರು 465 ಟನ್.

ಇಷ್ಟನ್ನೇ ನಂಬಿ ಕ್ರೆಡಿಟ್ ಕೊಡಬಹುದೇ? ಕೂಡದು. ಬ್ರೆಜಿಲ್, ಮೆಕ್ಸಿಕೊಗಳ ಅನೇಕ ಯೋಜನೆಗಳಲ್ಲಿ ಮೀಟರ್ ತೋರಿಸಿದ್ದು ಕಾಗದದ ಅಂದಾಜಿಗಿಂತ ಬಹಳ ಕಡಿಮೆ. ಹಾಗಾದರೆ ಮೀಟರನ್ನೇ ನಂಬೋಣವೆಂದರೆ ಅಲ್ಲೂ ತೊಡಕು. ಹೊಸ ಸ್ಥಾವರದಲ್ಲಿ ಗಲೀಜನ್ನು ಬೆಚ್ಚಗಿಟ್ಟು ಕಲಕಿದರೆ, ಹಳೆಯ ಕೊಳ ಎಂದೂ ಬಿಡದಿದ್ದಷ್ಟು ಮೀಥೇನ್ ಹುಟ್ಟಬಹುದು. ತಾನೇ ಹುಟ್ಟಿಸಿ ತಾನೇ ಸುಟ್ಟದ್ದಕ್ಕೆ ಬಹುಮಾನವೇ? ಆದ್ದರಿಂದ ನಿಯಮ ಎರಡನ್ನೂ ಲೆಕ್ಕ ಹಾಕಿಸಿ, ಯಾವುದು ಕಡಿಮೆಯೋ ಅದನ್ನು ಒಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜಾಣ ಸಾಲು ಇದೇ.

ಜ್ವಾಲೆಯನ್ನೂ ಸಂದೇಹಿಸುತ್ತಾರೆ. ದಹನದ ಪ್ರಮಾಣವನ್ನು ಪ್ರತ್ಯೇಕವಾಗಿ ಅಳೆಯದಿದ್ದರೆ, ತೆರೆದ ಬೆಂಕಿಯಲ್ಲಿ ಅರ್ಧ ಮೀಥೇನ್ ಮಾತ್ರ ಉರಿಯಿತೆಂದೂ ಮುಚ್ಚಿದ ಕುಲುಮೆಯಲ್ಲಿ ಶೇಕಡಾ 90ರಷ್ಟು ಉರಿಯಿತೆಂದೂ ಹಿಡಿಯುತ್ತಾರೆ.

ಇನ್ನೊಂದು ಲೆಕ್ಕ ನಿಮಗೆ ಬಿಡುತ್ತೇನೆ. ಆ ಗಲೀಜನ್ನು ಮೊದಲಿನಿಂದಲೂ ಕೊಳಕ್ಕೆ ಬಿಡದೆ ಒಣ ತಿಪ್ಪೆಯಾಗಿ ಒಟ್ಟುತ್ತಿದ್ದರೆ 78ರ ಜಾಗದಲ್ಲಿ ಬರಬೇಕಾದ ಅಂಕಿ 4. ಆಗ 465 ಟನ್ ಸುಮಾರು 24ಕ್ಕೆ ಇಳಿಯುತ್ತದೆ. ತಪಾಸಣೆಗೆ ಹೋದವರು ಮೀಟರ್ ನೋಡುವ ಮೊದಲು, ಹೊದಿಕೆ ಬರುವುದಕ್ಕೆ ಮುಂಚೆ ಅಲ್ಲಿ ಇದ್ದದ್ದು ಕೊಳವೋ ತಿಪ್ಪೆಯೋ ಎಂದು ವಿಚಾರಿಸುವುದು ಇದಕ್ಕಾಗಿಯೇ.