ಕೊಂಡ ಪುಸ್ತಕ ಯಾರದು?

ಪುಸ್ತಕವನ್ನು ಕೊಳ್ಳುವುದೆಂದರೆ ಏನೆಂದು ನಮ್ಮಲ್ಲಿ ಬಹುಮಂದಿ ಕೇಳಿಕೊಂಡವರಲ್ಲ. ಹಣ ಕೊಟ್ಟೆವು, ಹೊತ್ತಗೆ ನಮ್ಮದಾಯಿತು. ಓದಿದೆವು, ಓದದೆಯೂ ಕಪಾಟಿನಲ್ಲಿ ಇಟ್ಟೆವು. ಮಿತ್ರರು ಕೇಳಿದರೆ ಕೊಟ್ಟೆವು, ಅವರು ಹಿಂದಿರುಗಿಸಲಿಲ್ಲ. ಕೈ ಬರಿದಾದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿಗೆ ಹೊತ್ತವರೂ ಉಂಟು. ಈ ಸ್ವಾತಂತ್ರ್ಯವು ಗಾಳಿ ಬೆಳಕುಗಳಂತೆ ತಾನಾಗಿ ಬಂದುದೆಂದು ನಾವು ಭಾವಿಸಿದ್ದೇವೆ. ಆದರೆ ಅದಕ್ಕೂ ಒಂದು ಚರಿತ್ರೆಯಿದೆ.

ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರು 'ದಿ ಕ್ಯಾಸ್ಟವೇ' ಎಂಬ ಕಾದಂಬರಿಯೊಳಗೆ ಒಂದು ಎಚ್ಚರಿಕೆಯನ್ನು ಅಚ್ಚುಹಾಕಿಸಿದರು. ಇದನ್ನು ಒಂದು ಡಾಲರಿಗಿಂತ ಕಡಮೆಗೆ ಮಾರಲು ಯಾವ ವರ್ತಕನಿಗೂ ಪರವಾನಗಿ ಇಲ್ಲ, ಮಾರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಎಂಬುದು ಅದರ ತಾತ್ಪರ್ಯ. ನ್ಯೂಯಾರ್ಕಿನ ಮೇಸೀಸ್ ಅಂಗಡಿಯವರು ಅದನ್ನು ಲೆಕ್ಕಿಸದೆ 89 ಸೆಂಟಿಗೆ ಮಾರಿದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ನಡೆಯಿತು. ಒಮ್ಮೆ ಮಾರಿಬಿಟ್ಟ ಪ್ರತಿಯ ಮುಂದಿನ ಬೆಲೆಯನ್ನು ಗೊತ್ತುಮಾಡುವ ಅಧಿಕಾರ ಪ್ರಕಾಶಕನಿಗಿಲ್ಲವೆಂದು 1908ರಲ್ಲಿ ತೀರ್ಪಾಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೂ ಈಗಾಗಲೇ ಚಲಾವಣೆಗೆ ಬಂದ ಪ್ರತಿಗಳನ್ನು ಬೇರೆಯಾಗಿಯೇ ಕಾಣುತ್ತದೆ.

ಇದಾಗಿ ಸರಿಸುಮಾರು ನೂರು ವರ್ಷಗಳ ಬಳಿಕ, 2007ರ ನವೆಂಬರಿನಲ್ಲಿ, ಅಮೆಜಾನ್ ಸಂಸ್ಥೆ ಕಿಂಡಲ್ ಎಂಬ ಓದುಯಂತ್ರವನ್ನು ಮಾರುಕಟ್ಟೆಗೆ ತಂದಿತು. ಬೆಲೆ 399 ಡಾಲರು. ಐದೂವರೆ ಗಂಟೆಗಳಲ್ಲಿ ಇದ್ದ ದಾಸ್ತಾನೆಲ್ಲ ಮುಗಿಯಿತು. ಇಂಥ ಯಂತ್ರ ಅದೇ ಮೊದಲಲ್ಲ. ಅದರ ಹಿಂದಿನ ವರ್ಷವೇ ಸೋನಿ ಕಂಪನಿಯವರು ಸೊಗಸಾದುದೊಂದನ್ನು ಮಾಡಿದ್ದರು. ಆದರೆ ಅದಕ್ಕೆ ಪುಸ್ತಕ ಬೇಕೆಂದರೆ ಗಣಕಯಂತ್ರಕ್ಕೆ ತಂತಿ ಜೋಡಿಸಬೇಕಾಗಿತ್ತು. ಕಿಂಡಲ್ ಒಳಗೆ ಅಂಗಡಿಯೇ ಕುಳಿತಿತ್ತು. ಮಲಗಿದಲ್ಲಿಂದಲೇ ಬಯಸಿದರೆ ಒಂದು ನಿಮಿಷದೊಳಗೆ ಗ್ರಂಥ ಕೈಗೆ ಬರುತ್ತಿತ್ತು. ಹೆಸರಾದ ಹೊಸ ಪುಸ್ತಕಗಳಿಗೆ 9 ಡಾಲರು 99 ಸೆಂಟು ಎಂದು ಬೆಲೆ ಕಟ್ಟಿದರು. ಎಷ್ಟೋ ಪುಸ್ತಕಗಳಿಗೆ ಪ್ರಕಾಶಕರಿಗೆ ತಾವು ಕೊಟ್ಟುದೇ ಅದಕ್ಕಿಂತ ಹೆಚ್ಚು! ನಷ್ಟಕ್ಕೆ ಮಾರುವ ವ್ಯಾಪಾರಿಯನ್ನು ಕಂಡರೆ ನಮ್ಮ ಹಿರಿಯರು ಮೊದಲು ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇಲ್ಲಿಯ ಲೆಕ್ಕ ದೂರದ್ದು. ಒಂದು ಯಂತ್ರದ ಬೀಗದೊಳಗೆ ನೂರು ಪುಸ್ತಕ ಕೂಡಿಟ್ಟವನು ಇನ್ನೊಬ್ಬರ ಯಂತ್ರಕ್ಕೆ ಸುಲಭವಾಗಿ ಹೋಗಲಾರ. ಯಂತ್ರಗಳನ್ನು ಅಸಲು ಬೆಲೆಗೇ ಮಾರುತ್ತೇವೆಂದು ಸಂಸ್ಥೆಯ ಒಡೆಯ ಜೆಫ್ ಬೆಜೋಸ್ 2012ರಲ್ಲಿ ಬಹಿರಂಗವಾಗಿಯೇ ಹೇಳಿದರು. ಲಾಭ ಬರುವುದು ಯಂತ್ರದಿಂದಲ್ಲ, ಓದುಗನಿಂದ. ವಾಣಿಜ್ಯಬುದ್ಧಿಯ ದೃಷ್ಟಿಯಿಂದ ಇದನ್ನು ಮೆಚ್ಚದಿರುವುದು ಕಷ್ಟ.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಸುಖವೇನೆಂಬುದನ್ನು ನಾನೂ ಬಲ್ಲೆ. ನನ್ನ ಪ್ರಶ್ನೆ ಒಡೆತನದ್ದು.

2009ರ ಜುಲೈ ತಿಂಗಳಲ್ಲಿ ಕೆಲವು ಕಿಂಡಲ್ ಓದುಗರು ನೋಡುತ್ತಾರೆ, ತಾವು ಹಣ ತೆತ್ತು ಕೊಂಡ ಪುಸ್ತಕಗಳೇ ಮಾಯ. ಅವನ್ನು ಮಾರಾಟಕ್ಕಿಟ್ಟ ಪ್ರಕಾಶಕನಿಗೆ ಹಕ್ಕಿರಲಿಲ್ಲವೆಂದು ತಿಳಿದೊಡನೆ ಅಮೆಜಾನ್ ದೂರದಿಂದಲೇ ಅವನ್ನು ಅಳಿಸಿಹಾಕಿ, ಹಣವನ್ನು ಮರಳಿಸಿತ್ತು. ಮಾಯವಾದ ಕೃತಿಗಳಾದರೂ ಯಾವುವು? ಜಾರ್ಜ್ ಆರ್ವೆಲ್ಲನ 'ಅನಿಮಲ್ ಫಾರ್ಮ್' ಮತ್ತು '1984'. ಆಳುವವರಿಗೆ ಒಲ್ಲದ ಕಾಗದಗಳನ್ನು ಗೋಡೆಯ ರಂಧ್ರಕ್ಕೆ ಹಾಕಿ ಸುಡುವ ಪ್ರಭುತ್ವದ ಕಥೆ ಇರುವುದು ಆ ಎರಡನೆಯದರಲ್ಲೇ. ಇಂಥ ಕಾಕತಾಳೀಯವನ್ನು ಕಾದಂಬರಿಕಾರನೊಬ್ಬ ಕಲ್ಪಿಸಿದ್ದರೆ ವಿಮರ್ಶಕರು ಅತಿಯಾಯಿತೆನ್ನುತ್ತಿದ್ದರು. ತಮ್ಮ ನಡತೆ ಮೂರ್ಖತನದ್ದೆಂದು ಬೆಜೋಸ್ ಅದೇ ತಿಂಗಳು ಕ್ಷಮೆ ಕೇಳಿದರು. ಆದರೆ ಶಾಲೆಯ ಪಾಠಕ್ಕಾಗಿ '1984'ನ್ನು ಓದುತ್ತ ಟಿಪ್ಪಣಿ ಬರೆದುಕೊಂಡಿದ್ದ ಹುಡುಗನೊಬ್ಬ ನ್ಯಾಯಾಲಯಕ್ಕೆ ಹೋದ. ಮೂಲ ಗ್ರಂಥವೇ ಇಲ್ಲವಾದ ಮೇಲೆ ಆ ಟಿಪ್ಪಣಿಗಳಿಗೆ ಅರ್ಥವೆಲ್ಲಿ? ಪುಟದ ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆಯುವ ಚಟವಿದ್ದವರಿಗೆ ಆ ಹುಡುಗನ ಸಂಕಟ ಅರ್ಥವಾದೀತು. ಪುಸ್ತಕದ ಬೆಲೆಯನ್ನು ಹಿಂದಿರುಗಿಸಬಹುದು. ಓದಿದವನ ಶ್ರಮವನ್ನು ಹಿಂದಿರುಗಿಸುವ ಬಗೆ ಯಾವುದು? ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ತನ್ನ ಪುಸ್ತಕದಂಗಡಿಯನ್ನೇ ಮುಚ್ಚಿ, ಮಾರಿದ ಪುಸ್ತಕಗಳೆಲ್ಲ ತೆರೆಯದಂತಾದಾಗ, ಟಿಪ್ಪಣಿ ಬರೆದವರಿಗೆ ಹೆಚ್ಚಿನ 25 ಡಾಲರು ಕೊಟ್ಟಿತು. ಟಿಪ್ಪಣಿಗೂ ಒಂದು ಧಾರಣೆ ಕಟ್ಟಿದಂತಾಯಿತು.

ಈಚೆಗೆ ಸತ್ಯವನ್ನು ಬಾಯಿಬಿಟ್ಟು ಹೇಳುವ ಕಾಲ ಬಂದಿದೆ. ಪರವಾನಗಿಯನ್ನು ಮಾತ್ರ ಕೊಡುವಾಗ 'ಕೊಳ್ಳಿರಿ' ಎಂದು ಬರೆದರೆ, ನಿಜಸ್ಥಿತಿಯನ್ನೂ ತಿಳಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 2024ರಲ್ಲಿ ಆಯಿತು. ಮರುವರ್ಷ, ಕೊಂಡ ಪುಸ್ತಕಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಕಿಂಡಲ್‌ಗೆ ಸಾಗಿಸುವ ಸೌಕರ್ಯವನ್ನು ಅಮೆಜಾನ್ ಫೆಬ್ರವರಿಯಲ್ಲಿ ನಿಲ್ಲಿಸಿತು. 1908ರಲ್ಲಿ ನ್ಯಾಯಾಲಯದಲ್ಲಿ ಸೋತ 'ಪರವಾನಗಿ' ಎಂಬ ಪದವೇ ಹೀಗೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿದೆ.

ನಮ್ಮಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಓದಿದ್ದೇವೆ. ದಾನ ಕೊಡಬೇಕಾದರೆ ವಸ್ತು ಕೊಡುವವನದಾಗಿರಬೇಕು. ಪರವಾನಗಿಯನ್ನು ದಾನಮಾಡುವುದಾಗಲಿ, ಮಕ್ಕಳಿಗೆ ಉಯಿಲು ಬರೆಯುವುದಾಗಲಿ ಆಗದ ಮಾತು.

ಕನ್ನಡದ ಸಂಗತಿ ಬೇರೆಯೇ. ಅಮೆಜಾನ್ 2016ರಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ಸೇರಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿಗೆ ಮಣೆ ದೊರೆಯಿತು. ಕನ್ನಡ ಪಂಕ್ತಿಯಿಂದ ಹೊರಗುಳಿಯಿತು. ಇದರಿಂದ ನಮ್ಮ ಲೇಖಕರಿಗೂ ಪ್ರಕಾಶಕರಿಗೂ ಆದ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಮ್ಮದೇ ವ್ಯವಸ್ಥೆಯನ್ನು ಕಟ್ಟಿಕೊಳ್ಳುವ ಕನ್ನಡ ಪ್ರಕಾಶಕರು ಬೀಗ ಹಾಕಿಯೇ ಮಾರಬೇಕೆಂಬ ನಿಯಮವೇನೂ ಇಲ್ಲ. ವೈಜ್ಞಾನಿಕ ಕಥೆಗಳಿಗೆ ಹೆಸರಾದ ಅಮೆರಿಕದ ಟಾರ್ ಪ್ರಕಾಶನದವರು 2012ರಲ್ಲಿ ತಮ್ಮ ವಿದ್ಯುನ್ಮಾನ ಪುಸ್ತಕಗಳ ಬೀಗಗಳನ್ನು ತೆಗೆದುಹಾಕಿದರು. ಒಂದು ವರ್ಷ ಕಳೆದ ಮೇಲೆ ಲೆಕ್ಕ ನೋಡಿದರೆ, ಕಳ್ಳಪ್ರತಿಗಳ ಹಾವಳಿ ಗುರುತಿಸುವಷ್ಟು ಹೆಚ್ಚಿರಲಿಲ್ಲವೆಂದು ಅವರೇ ತಿಳಿಸಿದರು.